ಅದನ್ನು ಓದಿ ಎಂತ ಮಾಡುದು?

ಮೊನ್ನೆ ಊರಿಗೆ ಹೋದಾಗ ಬೆಳ್ತಂಗಡಿಯ ಅಕ್ಕನ ಮನೆಯಲ್ಲಿ ಚಾ ಕೈಗೆ ಬರುವ ಮೊದಲೇ ದೂರು ಬಂತು. "ನೀನಾದ್ರೂ ಇವಳಿಗೆ ಬುದ್ಧಿ ಹೇಳು ಮಾರಾಯ. ಪಿಯುಸಿ ಆದ್ಮೇಲೆ ಬಿ.ಎ.ಯಲ್ಲಿ ತತ್ವಶಾಸ್ತ್ರ ಓದ್ತಾಳಂತೆ. ಅದೂ ಶಿಕ್ಷಣದ ತತ್ವಶಾಸ್ತ್ರ! ಅದನ್ನು ಓದಿ ಎಂತ ಮಾಡುದು?"

ಮೂಡುಬಿದಿರೆಯಲ್ಲಿ ಓದುತ್ತಿರುವ ಅಕ್ಕನ ಮಗಳು ನನ್ನ ಮುಖ ನೋಡಿದಳು. ಡಿಗ್ರಿ ಆದ್ಮೇಲೆ ಬಿ.ಎಡ್. ಮಾಡು, ಅದರಲ್ಲೂ ಈ ವಿಷಯ ಉಂಟಲ್ಲ ಅಂದೆ.

"ಅದು ಕಲಿಸುವವರಿಗೆ ಮಾವ. ನಾನೀಗ ಕಲಿಯುವವಳು. ಇದೆಲ್ಲ ಯಾಕೆ ಅಂತ ಈಗಲೇ ಕೇಳಬಾರದಾ?"

ನಾನು ಸುಮ್ಮನಾದೆ. ಬಂಟ್ವಾಳದಿಂದ ದಿನಾ ಬಸ್ಸು ಹತ್ತಿ ಪಿಯುಸಿ ಓದಿದವನು ನಾನು. ನಮ್ಮನ್ನು ಮಾರ್ಕ್ಸ್ ನೋಡಿ ಸೆಕ್ಷನ್‌ಗಳಿಗೆ ಹಂಚಿದ್ದರು. ಕೊನೆಯ ಸೆಕ್ಷನ್ ಸಿಕ್ಕಿದಾಗ ನನಗೆ ಬೇಸರವಾಯಿತು, ಅನ್ಯಾಯ ಅಂತ ಅನ್ನಿಸಲಿಲ್ಲ. ಮಗುವಿನ ಯೋಗ್ಯತೆಯನ್ನು ಅಳೆಯಬಹುದು, ಅಳತೆಗೆ ತಕ್ಕಂತೆ ಕೂರಿಸಬಹುದು ಅನ್ನುವುದು ಒಂದು ತತ್ವ. ಅದರ ಮೇಲೆ ಎರಡು ವರ್ಷ ಬದುಕಿದೆವು, ಚರ್ಚೆ ಮಾತ್ರ ಒಂದು ದಿನವೂ ನಡೆಯಲಿಲ್ಲ. ಬಿ.ಎಡ್. ಹೊತ್ತಿಗೆ ಆ ಪ್ರಶ್ನೆ ಎದ್ದರೂ ನಾವು ಮೇಜಿನ ಆಚೆ ಬದಿಗೆ ಹೊರಟಿರುತ್ತೇವೆ. ರೂಸೋ, ಡ್ಯೂಯಿ, ಗಾಂಧಿ, ಟಾಗೋರ್ ಎಲ್ಲರೂ ಐದು ಅಂಕದ ಟಿಪ್ಪಣಿಗಳಾಗಿಬಿಡುತ್ತಾರೆ.

ಮೂಡುಬಿದಿರೆಯದ್ದೇ ಒಂದು ಕಥೆ ಉಂಟು. ಅಲ್ಲಿನ ಬಸದಿಯಲ್ಲಿ ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಿವೆ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಯಾತ್ರಿಕರು ಬಂದು ಅವುಗಳ ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದುವ ಮಾತಿರಲಿಲ್ಲ. ಪ್ರತಿ ಮಾಡುವ ಕೆಲಸ ಶುರುವಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಧವಳದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.

ನಮ್ಮ ಓದೂ ಹೆಚ್ಚುಕಡಿಮೆ ದರ್ಶನವೇ ಅಂತ ನಗಾಡಬಹುದು. ಆದರೆ ಇನ್ನೊಂದು ಮುಖವೂ ಉಂಟು. ಓದದಿದ್ದರೂ ಆ ಗರಿಗಳನ್ನು ಜೋಪಾನ ಮಾಡಿದವರು ಇಲ್ಲದಿದ್ದರೆ ಓದುವವರಿಗೆ ಏನೂ ಉಳಿಯುತ್ತಿರಲಿಲ್ಲ. ಅಕ್ಕನೂ ಹಾಗೇ. "ಮೊದಲು ಕೆಲಸ" ಅನ್ನುವ ಅವಳ ಹಠ ಇಲ್ಲದಿದ್ದರೆ ನಾನು ಬೆಂಗಳೂರಲ್ಲಿ ಕೂತು ಇದನ್ನು ಬರೆಯುತ್ತಿರಲಿಲ್ಲ. ಶಿಕ್ಷಣ ಯಾಕೆ ಅಂತ ಕೇಳುವ ಪುರುಸೊತ್ತು ಹೊಟ್ಟೆ ತುಂಬಿದವರಿಗೆ ಮಾತ್ರ ಸಿಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಸಾಲ ಮಾಡಿ ಫೀಸ್ ಕಟ್ಟುವ ಮನೆಗೇ ಆ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಬೇಕು, ಅಲ್ವಾ? ತಪ್ಪಾದರೆ ಕಳೆದುಕೊಳ್ಳುವುದು ಅವರೇ.

ಹುಡುಗಿಗೆ ಹೇಳಿದೆ: "ಅಮ್ಮನ 'ಎಂತ ಮಾಡುದು'ವನ್ನು ನಗಾಡಿ ತಳ್ಳಬೇಡ. ನಿನ್ನ ಸಬ್ಜೆಕ್ಟಿನ ಮೊದಲ ಪ್ರಶ್ನೆ ಅದೇ. ಮೂರು ವರ್ಷ ಓದಿ ಅವಳಿಗೆ ಅರ್ಥವಾಗುವ ಹಾಗೆ ಉತ್ತರ ಹೇಳಬೇಕು."

"ಮತ್ತೆ ಫೀಸ್?" ಅಂದಳು ಅಕ್ಕ.

ಉಪದೇಶ ಮಾಡಿ ರಾತ್ರಿ ಬಸ್ಸು ಹತ್ತುವುದು ಸುಲಭ. ಅರ್ಧ ನಂದು ಅಂದೆ. ಅಕ್ಕ ಇನ್ನೂ ಹೂಂ ಅಂದಿಲ್ಲ.