ಒಬ್ಬರೇ ಉಳಿದ ಊರು

ಒಂದು ಊರು ಸತ್ತರೆ ಅದಕ್ಕೆ ಯಾರು ಹೊಣೆ? ಮನುಷ್ಯ ಸತ್ತರೆ ಕಾಯಿಲೆಯ ಹೆಸರು ಹೇಳುತ್ತೇವೆ. ಊರಿನ ವಿಷಯದಲ್ಲಿ ಹಾಗೆ ಬೆರಳು ತೋರಿಸುವುದು ಕಷ್ಟ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಉತ್ತರದ ಅಂಚಿನಲ್ಲಿ, ಹುಲ್ಲುಗಾವಲಿನ ನಡುವೆ, ಮೊನೊವೈ ಎಂಬ ಊರಿದೆ. ಅದರ ಕಥೆ ತಿಳಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1902ರಲ್ಲಿ ರೈಲು ಅಲ್ಲಿಯವರೆಗೆ ಬಂತು, ಅದರ ಬೆನ್ನಿಗೇ ಊರು ಹುಟ್ಟಿತು. ಸುತ್ತಲೂ ಕಾಡುಹೂಗಳು ತುಂಬಿದ್ದರಿಂದ, 'ಹೂವು' ಎಂಬರ್ಥದ ಮೂಲನಿವಾಸಿಗಳ ಪದವನ್ನೇ ಹೆಸರಾಗಿ ಇಟ್ಟರಂತೆ. ಆ ಬಯಲಿನಲ್ಲಿ ರೈಲು ಊರುಗಳು ಹತ್ತಿರ ಹತ್ತಿರವೇ ಹುಟ್ಟಿದ್ದಕ್ಕೆ ಕಾರಣವಿತ್ತು. ರೈತ ಕುದುರೆಗಾಡಿಯಲ್ಲಿ ಧಾನ್ಯ ಹೇರಿಕೊಂಡು ಸ್ಟೇಷನ್ನಿಗೆ ಹೋಗಿ, ಅದೇ ದಿನ ಕತ್ತಲಾಗುವ ಮುಂಚೆ ಮನೆ ಸೇರಬೇಕಿತ್ತು. ಕುದುರೆಯ ನಡಿಗೆಯ ಅಳತೆಯಲ್ಲಿ ಕಟ್ಟಿದ ಊರುಗಳು ಅವು. 1930ರ ದಶಕದಲ್ಲಿ ಮೊನೊವೈಯಲ್ಲಿ ಸುಮಾರು 150 ಜನರಿದ್ದರು. ದಿನಸಿ ಅಂಗಡಿಗಳು, ಹೋಟೆಲು, ಶಾಲೆ, ಅಂಚೆ ಕಚೇರಿ, ಮೆಥೊಡಿಸ್ಟ್ ಪಂಗಡದವರ ಪುಟ್ಟ ದೇವಾಲಯ ಎಲ್ಲವೂ ಇದ್ದವು; ಸೆರೆಮನೆ ಕೂಡ!

ಆಮೇಲೆ ಕಾರು ಬಂತು, ಲಾರಿ ಬಂತು, ಟ್ರ್ಯಾಕ್ಟರ್ ಬಂತು. ಹೊಲಗಳು ದೊಡ್ಡದಾದವು, ಉಳುವ ಕುಟುಂಬಗಳು ಕಡಿಮೆಯಾದವು. 1960ರಲ್ಲಿ ಆ ದೇವಾಲಯದಲ್ಲಿ ಕೊನೆಯ ಅಂತ್ಯಕ್ರಿಯೆ ನಡೆಯಿತು. 1967ರಲ್ಲಿ ಅಂಚೆ ಕಚೇರಿ, 1970ರೊಳಗೆ ಕೊನೆಯ ದಿನಸಿ ಅಂಗಡಿ, 1974ರಲ್ಲಿ ಶಾಲೆ ಮುಚ್ಚಿದವು. 1980ರಲ್ಲಿ ಉಳಿದವರು 18 ಮಂದಿ. 2000ನೇ ಇಸವಿಯಲ್ಲಿ ಇಬ್ಬರು, ಗಂಡ ಮತ್ತು ಹೆಂಡತಿ.

ಈಗ ಹೇಳಿ, ಇವರಲ್ಲಿ ತಪ್ಪು ಮಾಡಿದವರು ಯಾರು? ಟ್ರ್ಯಾಕ್ಟರ್ ಕೊಂಡ ರೈತನೇ? ಪಕ್ಕದ ದೊಡ್ಡ ಊರಿನಲ್ಲಿ ಸೋಪು ಅಗ್ಗವೆಂದು ಅಲ್ಲಿಗೆ ಹೋದ ಗೃಹಿಣಿಯೇ? ಕೆಲಸ ಸಿಗುವ ಕಡೆಗೆ ಮಕ್ಕಳನ್ನು ಕಳಿಸಿದ ತಂದೆತಾಯಿಯೇ? ಅದು ಅವರ ಕರ್ತವ್ಯವೇ ಆಗಿತ್ತಲ್ಲ! ಒಬ್ಬೊಬ್ಬರೂ ಸರಿಯಾದದ್ದನ್ನೇ ಮಾಡಿದರು. ಎಲ್ಲವನ್ನೂ ಕೂಡಿಸಿದಾಗ ಊರು ಇಲ್ಲವಾಯಿತು. ಪಾಪವಿಲ್ಲದೆಯೂ ಹಾನಿ ಆಗಬಹುದು ಎಂಬುದನ್ನು ಒಪ್ಪಲು ನಮಗೆ ಬಹಳ ಕಷ್ಟ. ದೂರಲು ಒಬ್ಬರು ಬೇಕೇ ಬೇಕು.

ಲೆಕ್ಕದವರು ಇನ್ನೊಂದು ಮಾತು ಹೇಳುತ್ತಾರೆ: ಧಾನ್ಯ ಸಾಗಿಸಲು ಹುಟ್ಟಿದ ಊರು, ಆ ಕೆಲಸ ಮುಗಿಯಿತು, ಊರೂ ಮುಗಿಯಿತು, ಇದರಲ್ಲಿ ಅಳುವುದೇನಿದೆ? ಅರ್ಧ ಒಪ್ಪುತ್ತೇನೆ. ಆದರೆ ಆ ನಾಡು ಅದಕ್ಕೂ ಮೊದಲೇ ಒಮ್ಮೆ ಬರಿದಾಗಿತ್ತು, ಅದನ್ನು ಮರೆತು ಮೊನೊವೈಗಾಗಿ ಮರುಗುವುದು ಪ್ರಾಮಾಣಿಕವಲ್ಲ. 1877ರಲ್ಲಿ ಅಮೆರಿಕ ಸರಕಾರ ನಯೊಬ್ರಾರಾ ನದಿಯ ಬಳಿಯ ಪೊಂಕಾ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ, ಇಂದಿನ ಒಕ್ಲಹೋಮಾ ಪ್ರದೇಶಕ್ಕೆ ಸಾಗಿಸಿತು. ಅಲ್ಲಿ ಅವರ ನಾಯಕ ಸ್ಟ್ಯಾಂಡಿಂಗ್ ಬೇರ್‌ನ ಮಗ ತೀರಿಕೊಂಡ. ತನ್ನನ್ನು ಹುಟ್ಟಿದ ನೆಲದಲ್ಲೇ ಮಣ್ಣು ಮಾಡಬೇಕೆಂದು ಕೇಳಿಕೊಂಡಿದ್ದ. ತಂದೆ ಮಗನ ಎಲುಬುಗಳನ್ನು ಹೊತ್ತು ಚಳಿಗಾಲದಲ್ಲಿ ಉತ್ತರಕ್ಕೆ ಹೊರಟ, ಬಂಧನಕ್ಕೊಳಗಾದ. 1879ರಲ್ಲಿ ಒಮಾಹಾ ನಗರದ ನ್ಯಾಯಾಲಯ, ಮೂಲನಿವಾಸಿಯೂ ಕಾನೂನಿನ ಮುಂದೆ ಒಬ್ಬ 'ವ್ಯಕ್ತಿ' ಎಂದು ತೀರ್ಪಿತ್ತು ಅವನನ್ನು ಬಿಡಿಸಿತು. ಅದನ್ನೂ ಒಂದು ನ್ಯಾಯಾಲಯ ಹೇಳಬೇಕಾಯಿತು, ನೋಡಿ. ಆ ಬರಿದಾಗುವಿಕೆಗೆ ಮಾಡಿದವರ ಹೆಸರಿದೆ, ಸಹಿ ಇದೆ. ಮೊನೊವೈಯದ್ದಕ್ಕೆ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ನೆಲವೆಂದರೆ ಅದರ ಬೆಲೆಯಷ್ಟೇ ಅಲ್ಲ ಎಂಬುದನ್ನು ಆ ತಂದೆ ನಡೆದೇ ತೋರಿಸಿದ.

2004ರಲ್ಲಿ ಮೊನೊವೈಯ ಆ ಗಂಡನೂ ತೀರಿಕೊಂಡ. ಹೆಂಡತಿ ಊರು ಬಿಡಲಿಲ್ಲ. ಗಂಡ ಕೂಡಿಟ್ಟಿದ್ದ ಸುಮಾರು 5,000 ಪುಸ್ತಕಗಳನ್ನು ಒಂದು ಚಿಕ್ಕ ಕಟ್ಟಡದಲ್ಲಿಟ್ಟು ಗ್ರಂಥಾಲಯ ತೆರೆದರು. ಮೇಯರ್, ಗುಮಾಸ್ತೆ, ಖಜಾಂಚಿ ಎಲ್ಲವೂ ಅವರೇ ಆಗಿದ್ದರು. 1971ರಲ್ಲಿ ಗಂಡಹೆಂಡಿರು ಮತ್ತೆ ತೆರೆದ ಹೋಟೆಲಿನ ಲೈಸೆನ್ಸಿಗೆ ಅರ್ಜಿದಾರರೂ ಅವರೇ, ಮಂಜೂರು ಮಾಡುವವರೂ ಅವರೇ ಆಗಿದ್ದರು. ನಗು ಬರುತ್ತದೆ, ನಿಜ. ಹಟಮಾರಿತನ ಎನ್ನುವವರೂ ಇದ್ದಾರೆ. 2020ರ ಜನಗಣತಿ ಅಲ್ಲಿ ಇಬ್ಬರಿದ್ದಾರೆಂದು ಹೇಳಿತು, ಎರಡನೆಯವರು ಇರಲೇ ಇಲ್ಲ. ಜನರ ಖಾಸಗಿ ವಿವರ ಬಯಲಾಗದಿರಲೆಂದು ಗಣತಿಯವರು ಅಂಕಿಗಳನ್ನು ಬೇಕೆಂದೇ ಸ್ವಲ್ಪ ಕದಡುತ್ತಾರೆ. ಒಬ್ಬರೇ ಉಳಿದ ಊರಿನಲ್ಲಿ ಆ ಒಬ್ಬರನ್ನು ಮರೆಮಾಡಲು ಬೇರೆ ದಾರಿಯಾದರೂ ಏನಿತ್ತು?

ನಿಮ್ಮಲ್ಲಿ ಹಲವರ ಮಕ್ಕಳೂ ದೂರದ ಊರುಗಳಲ್ಲಿದ್ದಾರೆ. ಅವರು ಹೋದದ್ದು ತಪ್ಪೆಂದು ನಾನು ಹೇಳಲಾರೆ. ಆ ಮಹಿಳೆಯೂ ತನ್ನ ಮಕ್ಕಳನ್ನು ಕಟ್ಟಿಹಾಕಲಿಲ್ಲ. ಆದರೆ ಊರಿನ ನಾಲ್ಕು ಬೀದಿದೀಪಗಳು ಆರದಿರಲೆಂದು ರಾಜ್ಯ ಸರಕಾರದ ಹಣಕ್ಕಾಗಿ ಪ್ರತಿ ವರ್ಷ ರಸ್ತೆ ಯೋಜನೆಯ ಕಾಗದಪತ್ರಗಳನ್ನು ತುಂಬಿಸಿ ಕಳಿಸುತ್ತಿದ್ದರು. ಸಂಜೆಯಾದರೆ ಸುತ್ತಲಿನ ಹತ್ತಾರು ಮೈಲಿಗಳಿಂದ ಜನ ಕಾರು ಹಾಕಿಕೊಂಡು ಅವರ ಹೋಟೆಲಿಗೆ ಊಟಕ್ಕೂ ಹರಟೆಗೂ ಬರುತ್ತಿದ್ದರು, ಆ ದೀಪಗಳ ಬೆಳಕಿನಲ್ಲಿ ಗಾಡಿ ನಿಲ್ಲಿಸುತ್ತಿದ್ದರು.