ಶೀಲ್ಡಿಗೂ ನೆಲ ಬೇಕು

ಮನಸ್ಸಿಗೆ ಹೊರಗಿನ ಗದ್ದಲ ತಟ್ಟಬಾರದೆಂದು ಜನ ಮಠ ಹುಡುಕುತ್ತಾರೆ, ಗುಡ್ಡ ಹುಡುಕುತ್ತಾರೆ. ನಾನು ಸೊಲ್ಲಾಪುರ ಕಡೆಯ ಮೈಂದರ್ಗಿಯವ, ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಕೆಲಸ. ಗದ್ದಲ ತಡೆಯುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಈ ಹುಡುಕಾಟದ ಬಗ್ಗೆ ನನ್ನದೊಂದು ತಕರಾರು.

ಬಾಯ್ಲರಿನ ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೊವೋಲ್ಟ್. ಪಕ್ಕದ ಟ್ರೇಯಲ್ಲೇ ಮೋಟರಿನ 415 ವೋಲ್ಟ್ ಕೇಬಲ್. (ಹಾಗೆ ಎಳೆಯಬಾರದು, ಜಾಗ ಉಳಿಸುವವರು ಎಲ್ಲ ಕಡೆ ಇದ್ದಾರೆ.) ಆ ಸಣ್ಣ ಸಿಗ್ನಲ್ ಕಾಯಲು ತಂತಿಗೆ ಅಲ್ಯುಮಿನಿಯಂ ಹಾಳೆಯನ್ನೋ ತಾಮ್ರದ ಹೆಣಿಗೆಯನ್ನೋ ಹೊದಿಸಿರುತ್ತಾರೆ. ಇದೇ ಶೀಲ್ಡ್. ಹೊಸ ಹುಡುಗರು ಇದನ್ನು ಗೋಡೆ ಅಂದುಕೊಳ್ಳುತ್ತಾರೆ. ಗೋಡೆಯಲ್ಲ; ಹೊರಗಿನ ವಿದ್ಯುತ್ ಕ್ಷೇತ್ರದ ಕಾಟವನ್ನು ಅದು ತನ್ನ ಮೈಮೇಲೆ ತೆಗೆದುಕೊಂಡು ಅರ್ಥಿಂಗಿನ ಮೂಲಕ ನೆಲಕ್ಕೆ ಬಿಡುತ್ತದೆ, ಅಷ್ಟೇ. ಅರ್ಥಿಂಗ್ ಇಲ್ಲದಿದ್ದರೆ ಹಿಡಿದದ್ದನ್ನು ಒಳಗಿನ ತಂತಿಗೇ ದಾಟಿಸುತ್ತದೆ. ಎರಡೂ ತುದಿಗೆ ಕೊಟ್ಟರೂ ತೊಂದರೆ: ಎರಡು ಕಡೆಯ ನೆಲದ ವೋಲ್ಟೇಜ್ ಸಮ ಇರುವುದಿಲ್ಲ, ಶೀಲ್ಡಿನಲ್ಲೇ ಕರೆಂಟ್ ಹರಿಯುತ್ತದೆ. ಇಂಥ ಸಿಗ್ನಲ್ಲಿಗೆ ಸಾಮಾನ್ಯವಾಗಿ ಒಂದೇ ತುದಿ ಸಾಕು.

ಇಷ್ಟಾದರೂ 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ಈ ಹಾಳೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಎರಡು ತಂತಿಗಳನ್ನು ಹೊಸೆಯಬೇಕು. ಒಂದು ಸುತ್ತಿನಲ್ಲಿ ಹುಟ್ಟಿದ್ದನ್ನು ಮುಂದಿನ ಸುತ್ತು ಕಳೆಯುತ್ತದೆ.

ವೈರಾಗ್ಯವನ್ನು ಗೋಡೆಯೆಂದು ನಂಬಿದವರನ್ನು ಕಂಡಿದ್ದೇನೆ. ಸಂಸಾರ ಬಿಟ್ಟರು, ಪೇಪರ್ ಓದುವುದು ಬಿಟ್ಟರು, ಸಿಟ್ಟು ಬಿಡಲಿಲ್ಲ. ತಟ್ಟಿದ್ದನ್ನು ಇಳಿಸಲು ಅವರಿಗೆ ನೆಲವೇ ಇರಲಿಲ್ಲ. ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನೇ ನೋಡಿ: 1836ರಲ್ಲಿ ಲೋಹ ಹೊದಿಸಿದ ದೊಡ್ಡ ಪೆಟ್ಟಿಗೆಯೊಳಗೆ ತಾನೇ ಹೊಕ್ಕ. ಹೊರಗೆ ಕಿಡಿ ಹಾರಿದರೂ ಒಳಗಿನ ಉಪಕರಣ ಅಲುಗಲಿಲ್ಲ. ಆದರೆ ಆತ ಬಾಳಿದ್ದು ಆ ಪೆಟ್ಟಿಗೆಯೊಳಗಲ್ಲ, ಸ್ಯಾಂಡೆಮೇನಿಯನ್ ಎಂಬ ಪುಟ್ಟ ಕ್ರೈಸ್ತ ಪಂಥದ ಜನರ ನಡುವೆ, ಕೆಲಕಾಲ ಅವರ ಹಿರಿಯನಾಗಿ.

ನಮ್ಮ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನೂ ಅಷ್ಟೇ, 12ನೇ ಶತಮಾನದಲ್ಲಿ ಕೆರೆ ಕಟ್ಟಿಸುತ್ತ ನೂರಾರು ಜನರ ಗಲಾಟೆಯಲ್ಲಿ ಮುಳುಗಿದ್ದವನು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಬಂದು ಅವನನ್ನು ಕೆಣಕುತ್ತಾನೆ, ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ. ಅಲ್ಲಮ ಕರೆದೊಯ್ದದ್ದು ಗುಹೆಗಲ್ಲ, ಶರಣರು ತುಂಬಿದ ಊರಿಗೆ. ಕೆರೆ ತಪ್ಪಾಗಿರಲಿಲ್ಲ, ಕಟ್ಟಿಸಿದವನು ನಾನು ಎಂಬುದು ಇಳಿಯಬೇಕಿತ್ತು, ಹೀಗೆ ನನ್ನ ಓದು.

ಅವ್ವ ಒಪ್ಪುವುದಿಲ್ಲ. ಬೆಳಗಿನ ಲಿಂಗಪೂಜೆಗೆ ಅವಳಿಗೆ ಬಾಗಿಲು ಮುಚ್ಚಬೇಕು, ಟಿವಿ ಆರಿಸಬೇಕು. “ನಿನ್ನ ತಂತಿಗೇನು ಮೊಮ್ಮಕ್ಕಳು ಅದಾವೇನೋ?” ಅನ್ನುತ್ತಾಳೆ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಅದೇ ಸಿದ್ಧರಾಮನ ಗಡ್ಡಾ ಜಾತ್ರೆಗೆ ಮಾತ್ರ ಎಲ್ಲರಿಗಿಂತ ಮೊದಲು ಹೊರಡುವವಳು ಅವಳೇ. ಆ ನೂಕುನುಗ್ಗಲಿನಲ್ಲಿ ದೇವರು ಹೇಗೆ ಸಿಗುತ್ತಾನೆಂದು ಕೇಳಿದರೆ ಬೈಯುತ್ತಾಳೆ.