ನಿಂತ ಸ್ಥಳವೇ ಅಪರಾಧವೇ?

2015ರ ಅಕ್ಟೋಬರ್ 18ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ರಗ್ಬಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯವೊಂದು ನಡೆಯಿತು. ಸ್ಕಾಟ್ಲೆಂಡ್ ತಂಡವು ಬಲಿಷ್ಠ ಆಸ್ಟ್ರೇಲಿಯದ ವಿರುದ್ಧ 34-32ರ ಮುನ್ನಡೆಯಲ್ಲಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದವು. ಮಳೆಯಲ್ಲಿ ನೆನೆದಿದ್ದ ಚೆಂಡು ಸ್ಕಾಟ್ಲೆಂಡಿನ ಆಟಗಾರನೊಬ್ಬನ ಕೈಗೆ ತಗಲಿ ಮುಂದಕ್ಕೆ ಚಿಮ್ಮಿತು. ಅವನಿಗಿಂತ ಮುಂದೆ ನಿಂತಿದ್ದ ಜಾನ್ ವೆಲ್ಶ್ ಅದನ್ನು ಹಿಡಿದುಕೊಂಡರು. ರೆಫರಿ ಕ್ರೇಗ್ ಜೂಬರ್ ಸೀಟಿ ಊದಿ 'ಆಫ್‌ಸೈಡ್' ಎಂದು ತೀರ್ಪಿತ್ತು ಆಸ್ಟ್ರೇಲಿಯಕ್ಕೆ ಪೆನಾಲ್ಟಿ ನೀಡಿದರು. ಬರ್ನಾರ್ಡ್ ಫೋಲಿ ಒದ್ದ ಚೆಂಡು ಗೋಲುಕಂಬಗಳ ನಡುವೆ ಹಾದುಹೋಯಿತು. ಮೂರು ಅಂಕಗಳು ಸೇರಿ ಫಲಿತಾಂಶ 35-34 ಆಯಿತು. ಸ್ಕಾಟ್ಲೆಂಡಿನವರು ಕಣ್ಣೀರಿಡುತ್ತಾ ಮನೆಗೆ ಮರಳಿದರು.

ಈ ಘಟನೆಯು ಒಂದು ನೈತಿಕ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ವೆಲ್ಶ್ ಯಾರನ್ನೂ ಹೊಡೆಯಲಿಲ್ಲ, ಯಾರಿಗೂ ಮೋಸ ಮಾಡಲಿಲ್ಲ. ಕ್ಷಣಾರ್ಧದಲ್ಲಿ ತಮ್ಮತ್ತ ಬಂದ ಚೆಂಡನ್ನು ಹಿಡಿದರು, ಅಷ್ಟೇ. ತಪ್ಪಿನ ಮೂಲ ಮನುಷ್ಯನ ಸಂಕಲ್ಪದಲ್ಲಿದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗಿದ್ದ ಮೇಲೆ ಒಬ್ಬನು ಎಲ್ಲಿ ನಿಂತಿದ್ದಾನೆ ಎಂಬ ಕಾರಣಕ್ಕಾಗಿ ಅವನನ್ನು ದಂಡಿಸುವುದು ನ್ಯಾಯವೇ?

ಉತ್ತರ ಹುಡುಕುವ ಮುನ್ನ ನಿಯಮವನ್ನು ಅರಿಯೋಣ. ಫುಟ್‌ಬಾಲಿನ ಆಫ್‌ಸೈಡ್ ನಮ್ಮಲ್ಲಿ ಅನೇಕರಿಗೆ ಗೊತ್ತು. ರಗ್ಬಿಯ ನಿಯಮ ಅದಕ್ಕಿಂತ ಕಟ್ಟುನಿಟ್ಟಾದುದು. ತಂಡವೊಂದರ ಹದಿನೈದು ಮಂದಿಯಲ್ಲಿ ಯಾರು ಚೆಂಡನ್ನು ಹಿಡಿದಿದ್ದಾರೋ ಅಥವಾ ಕೊನೆಯದಾಗಿ ಆಡಿದ್ದಾರೋ, ಅವರಿಗಿಂತ ಮುಂದಿರುವ ಜೊತೆಗಾರರೆಲ್ಲರೂ ಆಫ್‌ಸೈಡ್. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತೆಯೂ ಇಲ್ಲ. ಮುಂದೆ ಸಾಗಬೇಕಾದರೆ ಚೆಂಡಿನ ಹಿಂದಿದ್ದುಕೊಂಡೇ ಸಾಗಬೇಕು.

ಇಂತಹ ನಿಯಮ ಬೇಕೇ ಎಂದು ಕೇಳಬಹುದು. ಕೊಡಗಿನ ಓದುಗರು ಚೆನ್ನಾಗಿ ಬಲ್ಲ ಹಾಕಿ ಆಟವು 1998ರಲ್ಲಿ ತನ್ನ ಆಫ್‌ಸೈಡ್ ನಿಯಮವನ್ನು ಸಂಪೂರ್ಣವಾಗಿ ಕೈಬಿಟ್ಟಿತು, ಆಟಕ್ಕೆ ಕೇಡಾಗಲಿಲ್ಲ. ಆದರೆ ರಗ್ಬಿಯಲ್ಲಿ ಅದು ಸಾಧ್ಯವಿಲ್ಲ. ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹಲು ಅವಕಾಶವಿರುವ ಆಟವದು. ಎರಡು ತಂಡಗಳೂ ಪರಸ್ಪರ ಎದುರುಬದುರಾಗಿ ನಿಂತಿರುವುದರಿಂದಲೇ ಚೆಂಡು ಹಿಡಿದವನಿಗೆ ಒಂದಿಷ್ಟು ಸ್ಥಳವೂ ಒಂದಿಷ್ಟು ಕಾಲವೂ ದೊರೆಯುತ್ತವೆ. ಯಾರು ಎಲ್ಲಿ ಬೇಕಾದರೂ ನಿಲ್ಲಬಹುದೆಂದಾದರೆ ಆಟವು ನೂಕುನುಗ್ಗಲಾಗುತ್ತದೆ. ಗಡಿಯು ಇಲ್ಲಿ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ, ಅದನ್ನು ಕಾಯುತ್ತದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಆಫ್‌ಸೈಡ್ ಸ್ಥಾನದಲ್ಲಿರುವುದು ರಗ್ಬಿಯಲ್ಲಿ ತಾನಾಗಿಯೇ ಅಪರಾಧವಲ್ಲ. ಹಿಂದಿನಿಂದ ಜೊತೆಗಾರನು ಚೆಂಡನ್ನು ಒದ್ದರೆ ಮುಂದಿದ್ದವನು ತನ್ನ ಇಚ್ಛೆಯಿಲ್ಲದೆಯೇ ಆಫ್‌ಸೈಡ್ ಆಗುತ್ತಾನೆ. ನಿಯಮವು ಅವನನ್ನು ದೂಷಿಸುವುದಿಲ್ಲ. ಅಲ್ಲಿಂದಲೇ ಚೆಂಡಿನತ್ತ ಮುನ್ನುಗ್ಗಿದರೆ ಅಥವಾ ಎದುರಾಳಿಗೆ ಅಡ್ಡಿಯಾದರೆ ಮಾತ್ರ ದಂಡಿಸುತ್ತದೆ. ಎದುರಾಳಿಯು ಚೆಂಡು ಹಿಡಿಯುವ ಸ್ಥಳದ ಹತ್ತು ಮೀಟರಿನೊಳಗೆ ಇದ್ದರೆ ಸುಮ್ಮನೆ ನಿಂತಿದ್ದರೂ ಸಾಲದು, ಕೂಡಲೇ ಹಿಂದೆ ಸರಿಯಬೇಕು. ಹಿಂದೆ ಸರಿದವನು ಕಳಂಕವಿಲ್ಲದೆ ಮತ್ತೆ ಆಟದಲ್ಲಿ ಸೇರಿಕೊಳ್ಳಬಹುದು. ಮರಳಿ ಬರುವ ದಾರಿಯನ್ನು ತೆರೆದಿಟ್ಟಿರುವ ನಿಯಮವನ್ನು ಕ್ರೂರವೆನ್ನಲಾಗದು.

ಚೆಂಡು ಆಕಸ್ಮಿಕವಾಗಿ, ತಪ್ಪಿಸಿಕೊಳ್ಳಲಾಗದಂತೆ ತಗಲಿದರೆ? ಅದರಿಂದ ಅವನ ತಂಡಕ್ಕೆ ಲಾಭವಾಗದಿದ್ದರೆ ಆಟ ಮುಂದುವರಿಯುತ್ತದೆ. ಲಾಭವಾದರೆ ಎದುರಾಳಿಗಳಿಗೆ ಸ್ಕ್ರಮ್ ದೊರೆಯುತ್ತದೆ. ಎರಡೂ ತಂಡಗಳ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡಿ ಆಟವನ್ನು ಮರಳಿ ಆರಂಭಿಸುವ ವಿಧಾನವದು. ನೇರವಾಗಿ ಗೋಲಿಗೆ ಒದೆಯುವ ಅವಕಾಶವಿರುವ ಪೆನಾಲ್ಟಿಗೂ ಇದಕ್ಕೂ ಬಹಳ ಅಂತರವಿದೆ.

ಈ ಅಂತರದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ನೀತಿಶಾಸ್ತ್ರವನ್ನು ಓದುವಾಗ ಗುರುಮಠದಲ್ಲಿ ನಮಗೆ ಕಲಿಸಿದ ಒಂದು ವಿವೇಚನೆಯಿದೆ: ದಂಡನೆ ಬೇರೆ, ಹಿಂದಿರುಗಿಸುವಿಕೆ ಬೇರೆ. ಪರರ ವಸ್ತುವನ್ನು ತನ್ನದೆಂದೇ ಪ್ರಾಮಾಣಿಕವಾಗಿ ನಂಬಿ ಇಟ್ಟುಕೊಂಡವನು ಕಳ್ಳನಲ್ಲ. ಅವನು ಶಿಕ್ಷಾರ್ಹನೂ ಅಲ್ಲ. ಆದರೆ ನಿಜ ತಿಳಿದ ಮೇಲೆ ಅದನ್ನು ಒಡೆಯನಿಗೆ ಹಿಂದಿರುಗಿಸಲೇಬೇಕು. ನಿರಪರಾಧಿಯನ್ನು ದಂಡಿಸುವುದು ಎಷ್ಟು ಅನ್ಯಾಯವೋ, ನಿರಪರಾಧಿಯೆಂಬ ಕಾರಣಕ್ಕೆ ಸಲ್ಲದ ಲಾಭವನ್ನು ಅವನ ಕೈಯಲ್ಲೇ ಉಳಿಸುವುದೂ ಅಷ್ಟೇ ಅನ್ಯಾಯ. ಸ್ಕ್ರಮ್ ಎಂಬುದು ಹಿಂದಿರುಗಿಸುವಿಕೆ; ಪೆನಾಲ್ಟಿಯು ದಂಡನೆ.

ಸ್ಕಾಟ್ಲೆಂಡಿಗೆ ಆದ ಅನ್ಯಾಯ ಯಾವುದೆಂದು ಈಗ ಸ್ಪಷ್ಟವಾಗುತ್ತದೆ. ಮರುದಿನ ವಿಶ್ವ ರಗ್ಬಿ ಸಂಸ್ಥೆಯು ಆ ತೀರ್ಪು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ವೆಲ್ಶ್ ಹಿಡಿಯುವ ಮುನ್ನ ಆಸ್ಟ್ರೇಲಿಯದ ನಿಕ್ ಫಿಪ್ಸ್ ಚೆಂಡನ್ನು ಉದ್ದೇಶಪೂರ್ವಕವಾಗಿ ಆಡಿದ್ದರು. ಅದರಿಂದ ವೆಲ್ಶ್ ಆಫ್‌ಸೈಡ್ ಆಗಿರಲಿಲ್ಲ. ಮೊದಲು ಚೆಂಡು ಕೈತಗಲಿ ಮುಂದಕ್ಕೆ ಹೋದುದಕ್ಕಾಗಿ ಆಸ್ಟ್ರೇಲಿಯಕ್ಕೆ ಸ್ಕ್ರಮ್ ಮಾತ್ರ ಸಲ್ಲಬೇಕಿತ್ತು. ಹಿಂದಿರುಗಿಸುವಿಕೆ ಸಾಕಾಗಿದ್ದಲ್ಲಿ ದಂಡನೆ ಬಿದ್ದಿತ್ತು. ಇಂತಹ ಸಂದರ್ಭದಲ್ಲಿ ವಿಡಿಯೋ ನೋಡಿ ನಿರ್ಧರಿಸಲು ಅಂದಿನ ನಿಯಮಾವಳಿ ರೆಫರಿಗೆ ಅವಕಾಶ ಕೊಟ್ಟಿರಲಿಲ್ಲ. ಸ್ಕ್ರಮ್ ನೀಡಿದ್ದರೂ ಆಸ್ಟ್ರೇಲಿಯ ಗೆಲ್ಲುತ್ತಿತ್ತೇನೋ. ಆದರೆ ಸೋಲುವುದಾದರೆ ಆಡಿ ಸೋಲುವ ಹಕ್ಕು ಸ್ಕಾಟ್ಲೆಂಡಿಗಿತ್ತು.

2017ರ ಜುಲೈ 8ರಂದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಪ್ರಸಂಗ ನಡೆಯಿತು. ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡದೊಡನೆ ನಿರ್ಣಾಯಕ ಪಂದ್ಯ, 15-15ರ ಸಮಬಲ, ಮತ್ತೆ ಅವೇ ಕೊನೆಯ ನಿಮಿಷಗಳು. ಲಯನ್ಸ್ ತಂಡದ ಲಿಯಾಮ್ ವಿಲಿಯಮ್ಸ್ ಕೈಯಿಂದ ಜಾರಿದ ಚೆಂಡು ಮುಂದಿದ್ದ ಕೆನ್ ಓವೆನ್ಸ್ ಅವರ ಕೈಸೇರಿತು. ಅವರು ಮರುಕ್ಷಣವೇ ಬೆಂಕಿ ಮುಟ್ಟಿದವರಂತೆ ಅದನ್ನು ಬಿಟ್ಟುಬಿಟ್ಟರು. ರೆಫರಿ ರೊಮೆಂ ಪ್ವಾಟ್ ಮೊದಲು ಪೆನಾಲ್ಟಿ ನೀಡಿ, ವಿಡಿಯೋ ನೋಡಿ ಸಹಾಯಕರೊಡನೆ ಮಾತನಾಡಿದ ಬಳಿಕ 'ಆಕಸ್ಮಿಕ ಆಫ್‌ಸೈಡ್' ಎಂದು ಸ್ಕ್ರಮ್‌ಗೆ ಬದಲಿಸಿದರು. ಪಂದ್ಯವೂ ಸರಣಿಯೂ ಸಮಬಲದಲ್ಲಿ ಮುಗಿದವು. ನ್ಯೂಜಿಲೆಂಡಿನ ಹಲವರು ಇದನ್ನು ಒಪ್ಪಲಿಲ್ಲ. ಚೆಂಡನ್ನು ಹಿಡಿದವನು ಅದನ್ನು ತಪ್ಪಿಸಿಕೊಳ್ಳಲಾರದವನು ಹೇಗಾದಾನು ಎಂಬ ಅವರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಆಕಸ್ಮಿಕಕ್ಕೂ ಸಂಕಲ್ಪಕ್ಕೂ ನಡುವಣ ಗೆರೆ ಅಷ್ಟು ತೆಳುವಾದುದು.

ನಿಯಮದ ಅಕ್ಷರವನ್ನೇ ಗುರಾಣಿಯಾಗಿಸಿಕೊಳ್ಳುವವರೂ ಇದ್ದಾರೆ. 2017ರ ಫೆಬ್ರವರಿ 26ರಂದು ಇಂಗ್ಲೆಂಡಿನೊಡನೆ ಆಡಿದ ಇಟಲಿ ತಂಡವು ನೆಲಕ್ಕೆ ಬಿದ್ದ ಚೆಂಡಿಗಾಗಿ ಸೆಣಸಲು ಹೋಗಲೇ ಇಲ್ಲ. ಎರಡೂ ಕಡೆಯವರು ಚೆಂಡಿನ ಮೇಲೆ ಸೇರಿದರೆ ಮಾತ್ರ ಅಲ್ಲಿ ಆಫ್‌ಸೈಡ್ ಗೆರೆ ಉಂಟಾಗುತ್ತಿತ್ತು. ಗೆರೆಯೇ ಇಲ್ಲವಾದ್ದರಿಂದ ಇಟಲಿಯವರು ನಿರ್ಭಯವಾಗಿ ಇಂಗ್ಲೆಂಡಿನವರ ನಡುವೆ ಹೋಗಿ ನಿಂತರು. ಅರ್ಧ ಆಟದ ವೇಳೆಗೆ 10-5ರಿಂದ ಮುಂದಿದ್ದರು. ಕೊನೆಗೆ 36-15ರಿಂದ ಸೋತರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೂ ಅದೇ ವರ್ಷ ನಿಯಮವನ್ನು ತಿದ್ದಲಾಯಿತು: ಒಬ್ಬನೇ ಆಟಗಾರ ಚೆಂಡಿನ ಮೇಲೆ ಕಾಲೂರಿ ನಿಂತರೂ ಗೆರೆ ಉಂಟಾಗುತ್ತದೆ. ಕಾನೂನು ಸಾಮಾನ್ಯವಾದುದು, ಬದುಕು ವಿಶೇಷವಾದುದು ಎಂದು ಬಗೆದ ಅರಿಸ್ಟಾಟಲನು, ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವ ಲೆಸ್ಬೋಸ್ ದ್ವೀಪದ ಸೀಸದ ಅಳತೆಗೋಲನ್ನು ದೃಷ್ಟಾಂತವಾಗಿ ಕೊಟ್ಟನು. ಬಾಗಬಲ್ಲ, ಆದರೆ ಅಳೆಯುವುದನ್ನು ಬಿಡದ ಕೋಲು ಅದು.

ಆದ್ದರಿಂದ ನನ್ನ ಉತ್ತರ ಇದು: ರಗ್ಬಿಯ ಆಫ್‌ಸೈಡ್ ನಿಯಮ ನ್ಯಾಯಯುತವಾದುದೇ. ಅದು ಎರಡೂ ತಂಡಗಳಿಗೆ ಸಮಾನವಾಗಿ ಅನ್ವಯಿಸುತ್ತದೆ, ಹಿಂದೆ ಸರಿಯಲು ಅವಕಾಶ ಕೊಡುತ್ತದೆ, ದುರುದ್ದೇಶವಿಲ್ಲದವನ ಕೈಯಿಂದ ಲಾಭವನ್ನು ಮಾತ್ರ ಮರಳಿ ಪಡೆಯುತ್ತದೆ. ಅನ್ಯಾಯ ನುಸುಳುವುದು ಅದನ್ನು ಅನ್ವಯಿಸುವ ಮನುಷ್ಯನ ಕಣ್ಣು ಸೋತಾಗ. ಸೋತುದನ್ನು ಮರುದಿನವಾದರೂ ಒಪ್ಪಿಕೊಳ್ಳುವ ಧೈರ್ಯ ಬೇಕು. ಒಪ್ಪಿಕೊಂಡ ಮಾತ್ರಕ್ಕೆ ಸ್ಕಾಟ್ಲೆಂಡಿಗೆ ಪಂದ್ಯ ಮರಳಿ ಸಿಗಲಿಲ್ಲವೆಂಬುದೂ ನಿಜ.

ನಮ್ಮ ಮನೆಗಳಲ್ಲಿಯೂ ಈ ಗೆರೆಯಿದೆ. ತಂದೆ ತೀರಿಕೊಂಡಾಗ ಊರಿನಲ್ಲಿದ್ದ ಮಗನ ಕೈಗೆ ಜಮೀನಿನ ಪತ್ರಗಳು ಸಿಗುತ್ತವೆ. ಪರವೂರಿನಲ್ಲಿದ್ದ ತಂಗಿಗೆ ಸಿಗುವುದಿಲ್ಲ. ಕಚೇರಿಯ ಮೇಜಿನಾಚೆ ನಮ್ಮ ನೆಂಟರೇ ಕುಳಿತಿರುತ್ತಾರೆ, ಸಾಲಿನಲ್ಲಿ ಇತರರು ಕಾಯುತ್ತಿರುತ್ತಾರೆ. ಹಾಗೆ ಮುಂದೆ ನಿಂತಿರುವುದು ನಮ್ಮ ತಪ್ಪಲ್ಲ. 'ನಾನೇನು ಕದ್ದೆನೇ?' ಎಂದು ನಾವು ಕೇಳುತ್ತೇವೆ. ಇಲ್ಲ, ಕದ್ದಿಲ್ಲ. ಆದರೆ ಚೆಂಡು ಕೈಸೇರಿದ ಮರುಕ್ಷಣ ನಾವು ಏನು ಮಾಡುತ್ತೇವೆ? ಹಿಡಿದು ಓಡುತ್ತೇವೆಯೇ, ಕೈಬಿಟ್ಟು ಹಿಂದೆ ಸರಿಯುತ್ತೇವೆಯೇ? ಆ ಪ್ರಶ್ನೆಗೆ ರೆಫರಿಯ ಸೀಟಿಗಾಗಿ ಕಾಯದೆ ನಾವೇ ಉತ್ತರಿಸಬೇಕಾಗಿದೆ.